ಕಾನೂನಿನ ಬಿಗಿಯೂ ನಮ್ಮ ಮನೆಯ ಮಕ್ಕಳೂ



ಜೂನ್ 26 ಮಾದಕ ವಸ್ತು ವಿರೋಧಿ ಅಂತರರಾಷ್ಟ್ರೀಯ ದಿನ. ಆಗಸ್ಟ್ 1 ನಮ್ಮ ರಾಜ್ಯ ಆಚರಿಸುವ ವ್ಯಸನಮುಕ್ತ ದಿನ. ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಈ ಎರಡು ದಿನಗಳ ನಡುವಿನ ವಾರಗಳಲ್ಲಿ ಶ್ರೀಮಠಕ್ಕೆ ಬರುವ ಭಕ್ತರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಸರಕಾರ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದರೆ ನಮ್ಮ ಮಕ್ಕಳು ಈ ಪಿಡುಗಿನಿಂದ ಉಳಿಯಲಾರರೇ?

ಕಾನೂನು ಸಡಿಲವಾಗಿದೆ ಎಂಬ ಭಾವನೆಯೇ ಸರಿಯಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಗೆ ಮೊದಲು ಗಾಂಜಾ ಅನೇಕ ಕಡೆ ಅಬಕಾರಿ ಪರವಾನಗಿಯ ಸರಕಾಗಿತ್ತು. ಕಾಯ್ದೆ ಬಂದ ಮೇಲೆ ಸೇವನೆಯೂ ಅಪರಾಧವಾಯಿತು. ಇಂದು ಹೆರಾಯಿನ್, ಕೊಕೇನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 20 ಕಿಲೋಗ್ರಾಂ ಮೀರಿದ ಗಾಂಜಾ ವಾಣಿಜ್ಯ ಪ್ರಮಾಣವೆನಿಸಿ, ಅದಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯಿದೆ. ಇಷ್ಟಿದ್ದೂ 2018ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್‌ಗಳನ್ನೂ, 2.26 ಕೋಟಿ ಜನ ಅಫೀಮಿನ ವರ್ಗದ ವಸ್ತುಗಳನ್ನೂ ಬಳಸಿದ್ದು ಕಂಡುಬಂದಿತು.

ಅದೇ ಸಮೀಕ್ಷೆಯ ಇನ್ನೊಂದು ಅಂಶ ನಮ್ಮನ್ನು ಹೆಚ್ಚು ಕಳವಳಕ್ಕೀಡುಮಾಡಿತು. ಮೂಗಿನಿಂದ ಎಳೆದು ಅಮಲೇರಿಸಿಕೊಳ್ಳುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇ. 0.58 ಇದ್ದರೆ, 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.17. ಇವು ಯಾವುವು? ವೈಟ್ನರ್, ಥಿನ್ನರ್, ಪಂಕ್ಚರ್ ಅಂಗಡಿಯ ಸಲ್ಯೂಷನ್. ಮಕ್ಕಳು ದೊಡ್ಡವರನ್ನು ಮೀರಿಸಿದ ಈ ಚಟದ ಸಾಮಗ್ರಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಅದು ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ದೊರೆಯುತ್ತದೆ. ಅಲ್ಲಿ ಯಾವ ಹತ್ತು ವರ್ಷದ ಶಿಕ್ಷೆ ಏನು ಮಾಡೀತು?

ಹೊರದೇಶಗಳ ಅನುಭವವನ್ನೂ ಗಮನಿಸೋಣ. ಪೋರ್ಚುಗಲ್ ದೇಶವು 2001ರ ಜುಲೈಯಿಂದ, ಹತ್ತು ದಿನಗಳ ಬಳಕೆಗೆ ಮೀರದಷ್ಟು ವಸ್ತು ಇಟ್ಟುಕೊಂಡವನನ್ನು ಅಪರಾಧಿಗಳ ಪಟ್ಟಿಯಿಂದ ಹೊರಗಿಟ್ಟಿತು. ಅವನು ನ್ಯಾಯಾಲಯದ ಬದಲು ಸಮಿತಿಯೊಂದರ ಮುಂದೆ ಹಾಜರಾಗುತ್ತಾನೆ. ಮಾರಾಟಗಾರನಿಗೆ ಸೆರೆಮನೆ ತಪ್ಪಿಲ್ಲ. ಯುವಕರೆಲ್ಲ ಹಾಳಾಗುವರೆಂದು ಹೆದರಿದವರ ಭವಿಷ್ಯ ನಿಜವಾಗಲಿಲ್ಲ. ಚುಚ್ಚುಮದ್ದಿನ ವ್ಯಸನಿಗಳಲ್ಲಿ ಎಚ್‌ಐವಿ ಸೋಂಕು ಬಹುವಾಗಿ ಇಳಿಯಿತು. ಆದರೂ ಇತ್ತೀಚೆಗೆ ಅಲ್ಲಿನ ಪೋರ್ಟೊ ನಗರದಲ್ಲಿ ಬಹಿರಂಗ ಸೇವನೆಯ ದೂರುಗಳೆದ್ದಿವೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಐಸ್‌ಲೆಂಡ್ ಇಂತಹ ಸಡಿಲಿಕೆಯ ದಾರಿ ಹಿಡಿಯಲಿಲ್ಲ. ಅಲ್ಲಿ 1998ರಲ್ಲಿ ಗಾಂಜಾ ರುಚಿ ನೋಡಿದ್ದ 15–16 ವಯಸ್ಸಿನ ಮಕ್ಕಳು ಶೇ. 17, 2016ರ ಹೊತ್ತಿಗೆ ಶೇ. 7. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದ್ದವರು ಶೇ. 42ರಿಂದ 5ಕ್ಕೆ ಇಳಿದರು. ಇದನ್ನು ಪೊಲೀಸರು ಸಾಧಿಸಲಿಲ್ಲ. ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಮಕ್ಕಳು ಬೀದಿಯಲ್ಲಿರಬಾರದೆಂದು ತಂದೆತಾಯಂದಿರೇ ಸರದಿಯ ಮೇಲೆ ನೋಡಿಕೊಂಡರು; ಆಟ, ಸಂಗೀತಗಳ ಶುಲ್ಕಕ್ಕೆ ನಗರಾಡಳಿತ ಹಣ ಕೊಟ್ಟಿತು; ವರ್ಷವರ್ಷವೂ ಮಕ್ಕಳನ್ನೇ ಕೇಳಿ ಲೆಕ್ಕ ತೆಗೆದರು. ನಾಲ್ಕು ಲಕ್ಷವೂ ತುಂಬದ ಜನರ ದೇಶವದು, ನಮ್ಮ ಒಂದು ಜಿಲ್ಲೆಗಿಂತ ಚಿಕ್ಕದು ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇವೆ. ಆದರೆ ನಮ್ಮ ಒಂದು ಓಣಿಯೂ ಚಿಕ್ಕದೇ ಅಲ್ಲವೇ?

ಕಾನೂನು ಒಂದೆಡೆ ಸಡಿಲವಾಯಿತು, ಇನ್ನೊಂದೆಡೆ ಆಗಲಿಲ್ಲ. ಎರಡೂ ಕಡೆ ಸಿಕ್ಕಿಬಿದ್ದ ಹುಡುಗನ ಸುತ್ತ ಜನರು ಕೈಬಿಡದೆ ನಿಂತರು. ನಮ್ಮಲ್ಲಿ ಏನಾಗುತ್ತದೆ ಎಂಬುದಕ್ಕೆ ಶ್ರೀಮಠದ್ದೇ ಪ್ರಸಂಗವೊಂದನ್ನು ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದೆ ಸಮೀಪದ ಗ್ರಾಮದ ಭಕ್ತರೊಬ್ಬರು ಡಿಪ್ಲೊಮಾ ಓದುತ್ತಿದ್ದ ಮಗನೊಡನೆ ಕಾರ್ಯಾಲಯಕ್ಕೆ ಬಂದರು. ಗಾಂಜಾದಿಂದ ಆರಂಭವಾದ ಚಟ ಮಾತ್ರೆಗಳಿಗೆ ಮುಟ್ಟಿತ್ತು. “ಅಜ್ಜಾರ ಮುಂದ ಆಣಿ ಮಾಡಸ್ರಿ ಸರ, ದವಾಖಾನಿಗೆ ಒಯ್ದ್ರ ಪೊಲೀಸ್ ಕೇಸ್ ಆಗತೈತಿ, ಇವನ ತಂಗಿ ಲಗ್ನ ನಿಂತ ಹೋಗತೈತಿ” ಎಂದರು. ನಾವು ಹಾಗೆಯೇ ಮಾಡಿದೆವು. ಹುಡುಗ ವಿಭೂತಿ ಧರಿಸಿ ಪೂಜ್ಯರೆದುರು ಪ್ರಮಾಣ ಮಾಡಿದ. ಯಾರಿಗೂ ತಿಳಿಸಬೇಡಿರೆಂದು ನಾವೇ ಹೇಳಿ ಕಳುಹಿಸಿದೆವು. ಹತ್ತು ತಿಂಗಳ ಬಳಿಕ, ನಡುಗುವ ಕೈಗಳಲ್ಲಿ ಲೋಟ ಹಿಡಿಯಲಾಗದ ಸ್ಥಿತಿಯಲ್ಲಿ ಅವನು ಆಸ್ಪತ್ರೆ ಸೇರಿದ. ಈಗ ಚೇತರಿಸಿಕೊಳ್ಳುತ್ತಿದ್ದಾನೆ. ಆ ಹತ್ತು ತಿಂಗಳ ಹೊಣೆ ನಮ್ಮ ಮೇಲಿದೆ.

ಆ ತಂದೆಯ ಭಯಕ್ಕೆ ಉತ್ತರ ಅದೇ ಕಠಿಣ ಕಾಯ್ದೆಯಲ್ಲಿತ್ತು, ನಾವು ಓದಿರಲಿಲ್ಲ. ಕಲಂ 64-ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರಕಾರಿ ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕಲಂ 39ರಂತೆ, ಶಿಕ್ಷೆಗೆ ಅರ್ಹನಾದ ವ್ಯಸನಿಯನ್ನೂ ನ್ಯಾಯಾಲಯ ಚಿಕಿತ್ಸೆಗೆ ಕಳುಹಿಸಬಹುದು. ವಾಣಿಜ್ಯ ಪ್ರಮಾಣದ ದಂಧೆಗಾರನಿಗೆ ಈ ಆಶ್ರಯವಿಲ್ಲ, ಇರಲೂಬಾರದು. ಸೇವಿಸುವವನನ್ನು ಹಿಡಿದು ಪ್ರಕರಣಗಳ ಸಂಖ್ಯೆ ಬೆಳೆಸುವುದರ ಬದಲು ಈ ಎರಡು ಕಲಂಗಳನ್ನು ಪ್ರತಿ ಠಾಣೆ, ಪ್ರತಿ ಕಾಲೇಜಿನ ಫಲಕದಲ್ಲಿ ಕನ್ನಡದಲ್ಲಿ ಬರೆಯಿಸುವುದು ಸರಕಾರಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಈ ಬಗ್ಗೆ ಜಿಲ್ಲಾಡಳಿತಕ್ಕೆ ಶ್ರೀಮಠದಿಂದ ಮನವಿ ಸಲ್ಲಿಸಲಿದ್ದೇವೆ.

ಬರುವ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯ ನಂತರ ಮನೋವೈದ್ಯರೊಬ್ಬರೂ ವಕೀಲರೊಬ್ಬರೂ ದಾಸೋಹ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತಿರುತ್ತಾರೆ. ತಂದೆತಾಯಂದಿರು ನೇರವಾಗಿ ಹೋಗಿ ಮಾತನಾಡಬಹುದು, ಹೆಸರು ಬರೆದುಕೊಳ್ಳುವುದಿಲ್ಲ. ಬರಲಾಗದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಮಾರುವವರ ಸುಳಿವಿದ್ದರೆ 1933ಕ್ಕೆ ತಿಳಿಸಿರಿ.