ಪೋಕರ್ ಲೆಕ್ಕ ಸಾಲಕ್ಕೆ ಹೊಂದಲ್ಲ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲೇ ಸಂಸತ್ತಿನಲ್ಲಿ ಪಾಸಾಯಿತು. ಪೋಕರ್ ಕಲಿಸುವ ವಿಡಿಯೋಗಳು ಮಾತ್ರ ನಮ್ಮ ಹುಡುಗರ ಮೊಬೈಲಿನಲ್ಲಿ ಇನ್ನೂ ಓಡುತ್ತಿವೆ.

ಟೂರ್ನಮೆಂಟಿನ ಕೊನೇ ಹಂತಕ್ಕೆ ಅವು ಹೇಳಿಕೊಡುವುದು ಇಷ್ಟು: ಕಡ್ಡಾಯವಾಗಿ ಕಟ್ಟಬೇಕಾದ ಬ್ಲೈಂಡ್ ಹೊತ್ತು ಹೋದಂತೆ ಏರುತ್ತದೆ. ದೊಡ್ಡ ಬ್ಲೈಂಡ್ 1,000 ಆಗಿ, ನಿಮ್ಮ ಹತ್ತಿರ 10,000 ಚಿಪ್ ಮಾತ್ರ ಉಳಿದಿದ್ದರೆ ಎಲೆ ಬಿಸಾಡಿ, ಇಲ್ಲವೇ ಇದ್ದದ್ದನ್ನೆಲ್ಲ ಕಟ್ಟಿ.

ಆಟದಲ್ಲಿ ಇದು ಸರಿಯೇ. ಅಲ್ಲಿ ಸೋತರೆ ಹೋಗುವುದು ಆ ಪ್ರವೇಶ ಶುಲ್ಕ ಅಷ್ಟೇ. ಸಾಲದ ಬಡ್ಡಿಯೂ ಬ್ಲೈಂಡಿನ ಹಾಗೆ, ಸುಮ್ಮನೆ ಕೂತರೂ ತಿನ್ನುತ್ತದೆ. ಆದರೆ ಇಲ್ಲಿ ‘ಇದ್ದದ್ದೆಲ್ಲ’ ಅಂದರೆ ಅಪ್ಪನ ಹೊಲ, ಅವ್ವನ ಸರ.

ಇನ್ನೊಂದು ಪಾಠವೂ ಆ ಆಟದಲ್ಲೇ ಇದೆ. ಎಲ್ಲ ಚಿಪ್ ಗೆದ್ದವನಿಗೂ ಸಾಮಾನ್ಯವಾಗಿ ಬಹುಮಾನದ ಒಂದು ಪಾಲು ಮಾತ್ರ ಸಿಗುತ್ತದೆ. ಹಾಗಾಗಿ ಬಹುಮಾನದ ಹೊಸ್ತಿಲಲ್ಲಿ ಗೆದ್ದ ಚಿಪ್ಪಿಗಿಂತ ಕಳೆದುಕೊಂಡ ಚಿಪ್ಪಿನ ಬೆಲೆ ಜಾಸ್ತಿ.

ಸಾಲ ಮಾಡಿಕೊಂಡಿರುವ ತಮ್ಮಂದಿರೇ, ಇನ್ನೊಂದು ಕೈ ಆಡಿ ತೀರಿಸುತ್ತೇನೆ ಅನ್ನಬೇಡಿ. ಎಷ್ಟು ಸಾಲ ಅಂತ ಇವತ್ತೇ ಮನೆಯಲ್ಲಿ ಹೇಳಿ. ನಾಳೆ ಹೇಳಿದರೆ ಒಂದು ದಿನದ ಬಡ್ಡಿ ಸೇರಿರುತ್ತದೆ.