ಸೈಜ್ ಕಮ್ಮಿ ಮಾಡುವ ಕೆಲಸ ಯಾರದು?

ಕರ್ನಾಟಕ ಸರ್ಕಾರದಲ್ಲಿ ಇ-ಆಡಳಿತದ ಹೊಣೆ ಹೊತ್ತ ಕಾರ್ಯದರ್ಶಿಯವರಿಗೆ,



ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ‘ಡಿಟಿಪಿ, ಝೆರಾಕ್ಸ್, ಆನ್‌ಲೈನ್ ಅರ್ಜಿ’ ಎಂದು ಬೋರ್ಡು ಹಾಕಿಕೊಂಡು ಕೂತವನು ನಾನು. ‘ಅರ್ಜಿ ಹಾಕಿಕೊಡಿ’ ಎಂದು ಕೇಳಿಕೊಂಡು ಬರುವವರು ಈಗ ಕಡಿಮೆ. ಹುಡುಗರು ಮನೆಯಲ್ಲೇ ಫೋನಿನಲ್ಲಿ ಎಲ್ಲ ತುಂಬಿರುತ್ತಾರೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ, ತಂದೆಯ ಆದಾಯ, ಎಲ್ಲ ಸರಿಯಾಗಿಯೇ ಇರುತ್ತದೆ. ದಾಖಲೆ ಅಪ್‌ಲೋಡ್ ಮಾಡುವ ಪುಟಕ್ಕೆ ಬಂದು ಸಿಕ್ಕಿಬೀಳುತ್ತಾರೆ. ಆಮೇಲೆ ನನ್ನಲ್ಲಿಗೆ ಬಂದು ಹೇಳುವ ಮಾತು ಒಂದೇ: ‘ಕೆಬಿ ಜಾಸ್ತಿ ಆಯ್ತಂತೆ, ಸೈಜ್ ಕಮ್ಮಿ ಮಾಡ್ಕೊಡಿ.’ ಒಂದು ಫೈಲಿಗೆ ಹತ್ತೋ ಇಪ್ಪತ್ತೋ ರೂಪಾಯಿ ತೆಗೆದುಕೊಳ್ಳುತ್ತೇನೆ. ವಿದ್ಯಾರ್ಥಿವೇತನದ ಸೀಸನ್ನಿನಲ್ಲಿ ಅಂಗಡಿ ಬಾಡಿಗೆ ಹುಟ್ಟುವುದೇ ಅದರಲ್ಲಿ. ಈ ಪತ್ರದಿಂದ ಏನಾದರೂ ಆದರೆ ನಷ್ಟ ನನ್ನ ಗಲ್ಲಾಪೆಟ್ಟಿಗೆಗೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಕೆಲಸ ನನ್ನದೂ ಅಲ್ಲ, ಆ ಹುಡುಗರದೂ ಅಲ್ಲ. ನಿಮ್ಮದು.

ಲೆಕ್ಕ ನೋಡಿ. ಈಗಿನ ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ಅಂಕಪಟ್ಟಿಯ ಫೋಟೊ ತೆಗೆದರೆ ಅದು ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳ ಚಿತ್ರ. ಫೈಲು ಮೂರರಿಂದ ಐದು ಎಂಬಿ ತೂಗುತ್ತದೆ. ಅರ್ಜಿಯ ಪುಟ ಕೇಳುವುದು 200 ಕೆಬಿ. ಇನ್ನೊಂದು ಇಲಾಖೆ 100 ಕೆಬಿ ಎನ್ನುತ್ತದೆ, ಮತ್ತೊಂದು 500 ಕೆಬಿ ಪಿಡಿಎಫ್ ಮಾತ್ರ ಎನ್ನುತ್ತದೆ. ಒಂದೇ ಅಂಕಪಟ್ಟಿಯನ್ನು ಒಬ್ಬಳೇ ಹುಡುಗಿ ಮೂರು ಅಳತೆಗೆ ಹೊಲಿಸಿಕೊಳ್ಳಬೇಕು. ಕೆಲವು ಕಡೆ ಕೆಳಗಿನ ಮಿತಿಯೂ ಉಂಟು. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಸೂಚನೆಯಲ್ಲಿ ಭಾವಚಿತ್ರ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಇರಬೇಕು. ಅದು ನಿಮ್ಮ ವ್ಯಾಪ್ತಿಗೆ ಬರುವುದಲ್ಲ, ನಿಜ. ಅಲ್ಲಿ ಫೋಟೊ 200ಕ್ಕೆ 230 ಚುಕ್ಕಿ ಇರಲಿ ಎಂದು ಅಳತೆಯನ್ನಾದರೂ ಹೇಳುತ್ತಾರೆ. ನಮ್ಮ ಬಹುಪಾಲು ಅರ್ಜಿಗಳಲ್ಲಿ ಅದೂ ಇಲ್ಲ. ಸೈಜ್ ಮೀರಿದರೆ ಬರುವುದು ಇಂಗ್ಲಿಷಿನ ಒಂದು ಸಾಲು: ಫೈಲು ಅಮಾನ್ಯ. ಎಷ್ಟು ಮೀರಿತು, ಏನು ಮಾಡಬೇಕು, ಊಹೂಂ. ಚಿತ್ರ ತೀರಾ ಚಿಕ್ಕದಾಗಿ ಕೆಳಗಿನ ಮಿತಿ ಮುಟ್ಟದಿದ್ದರೆ ಅದನ್ನು ಮತ್ತೆ ಉಬ್ಬಿಸಿ ಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಇದಕ್ಕೆ ಎಷ್ಟು ಚಾರ್ಜು ಮಾಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಇದು ಬರೀ ಕಿರಿಕಿರಿಯ ಮಾತಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ನನ್ನ ಅಂಗಡಿಗೆ ಬಾರದವರು ಏನು ಮಾಡುತ್ತಾರೆ ಎಂಬುದು ನನ್ನ ಚಿಂತೆ. ಅವರು ಗೂಗಲ್‌ನಲ್ಲಿ ‘ಪಿಡಿಎಫ್ 100 ಕೆಬಿ’ ಎಂದು ಹುಡುಕುತ್ತಾರೆ. ಮೊದಲು ಸಿಕ್ಕ ಜಾಲತಾಣಕ್ಕೆ ಆಧಾರ್ ಕಾರ್ಡು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಪ್ರಮಾಣಪತ್ರ, ಎಲ್ಲವನ್ನೂ ಒಂದೊಂದಾಗಿ ಏರಿಸುತ್ತಾರೆ. ಅದರ ಸರ್ವರ್ ಯಾವ ದೇಶದಲ್ಲಿದೆ, ಅಲ್ಲಿ ಫೈಲು ಎಷ್ಟು ಹೊತ್ತು ಇರುತ್ತದೆ, ಯಾರು ನೋಡುತ್ತಾರೆ ಎಂದು ಆ ಹುಡುಗನಿಗೆ ತಿಳಿಯುವ ದಾರಿಯೇ ಇಲ್ಲ. ಇಂಥ ಸೇವೆಗಳಲ್ಲಿ ಪ್ರಾಮಾಣಿಕವಾದವು ಇವೆ, ಕೆಲಸವಾದ ಮೇಲೆ ಅಳಿಸುತ್ತೇವೆ ಎಂದು ಬರೆದುಕೊಂಡಿರುತ್ತವೆ. ಬರೆದದ್ದನ್ನು ನಂಬಬೇಕಷ್ಟೆ. ಒಬ್ಬ ಮನುಷ್ಯನ ಹೆಸರು, ಹುಟ್ಟಿದ ದಿನ, ಮುಖ, ಸಹಿ, ಖಾತೆ ಸಂಖ್ಯೆ ಒಂದೇ ಕಡೆ ಸಿಕ್ಕರೆ ಅದರಿಂದ ಏನೇನು ಮಾಡಬಹುದೆಂದು ಸೈಬರ್ ಠಾಣೆಯವರನ್ನು ಕೇಳಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿದೆ. ಆಧಾರ್ ಪ್ರಾಧಿಕಾರವೇ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡುತ್ತದೆ. ಇಷ್ಟೆಲ್ಲ ಕಾವಲು ಇಟ್ಟು, ಹಿತ್ತಿಲ ಬಾಗಿಲಲ್ಲಿ 100 ಕೆಬಿಯ ಒಂದು ಷರತ್ತು ಹಾಕಿ ಮಕ್ಕಳನ್ನು ಅಪರಿಚಿತರ ಸರ್ವರಿಗೆ ಅಟ್ಟುತ್ತಿದ್ದೇವೆ. ನಮ್ಮಂಥ ಅಂಗಡಿಗಳೂ ಇದಕ್ಕೆ ಹೊರತಲ್ಲ. ನಾನು ದಿನಾ ಬಾಗಿಲು ಹಾಕುವ ಮೊದಲು ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡುತ್ತೇನೆ. ಮಾಡಲೇಬೇಕೆಂದು ನನಗೆ ಯಾರೂ ಹೇಳಿಲ್ಲ.

ಮಿತಿ ಏಕೆ ಎಂದು ಕೇಳಿದರೆ ‘ಸರ್ವರ್‌ನಲ್ಲಿ ಜಾಗ ಇಲ್ಲ’ ಎನ್ನುತ್ತಾರೆ. ಒಂದು ಲಕ್ಷ ಅರ್ಜಿದಾರರು, ತಲೆಗೆ ಐದು ದಾಖಲೆ, ಒಂದೊಂದು ಎರಡು ಎಂಬಿ ಎಂದುಕೊಳ್ಳಿ. ಒಟ್ಟು ಹತ್ತು ಲಕ್ಷ ಎಂಬಿ, ಅಂದರೆ ಒಂದು ಟೆರಾಬೈಟ್. ಅಷ್ಟು ಹಿಡಿಸುವ ಹಾರ್ಡ್ ಡಿಸ್ಕು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸರ್ಕಾರಿ ದತ್ತಾಂಶ ಕೇಂದ್ರದ ಖರ್ಚು ಬೇರೆ, ನಕಲು ಪ್ರತಿ ಇಡಬೇಕು, ಭದ್ರತೆ ಬೇಕು, ಅದನ್ನೆಲ್ಲ ಒಪ್ಪುತ್ತೇನೆ. ಹತ್ತು ಪಟ್ಟು ಖರ್ಚಾಗಲಿ. ಅದೇ ಒಂದು ಲಕ್ಷ ಜನ ತಲೆಗೆ ಐವತ್ತು ರೂಪಾಯಿಯಂತೆ ನನ್ನಂಥವರ ಮುಂದೆ ಇಟ್ಟರೆ ಐವತ್ತು ಲಕ್ಷವಾಗುತ್ತದೆ.

ಇನ್ನು ಕುಗ್ಗಿಸುವ ವಿದ್ಯೆಯ ಬಗ್ಗೆ ಎರಡು ಮಾತು. ಇದು ನಮ್ಮ ನಾಡಿನ ವಿದ್ಯೆಯೂ ಹೌದು. ಜೆಪೆಗ್ ಚಿತ್ರಗಳ ಒಳಗೆ ಕೆಲಸ ಮಾಡುವ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಅದನ್ನು ಕಂಡುಕೊಂಡ ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ನಾವೀಗ ಯುವಿಸಿಇ ಎನ್ನುವ, ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆ.ಆರ್. ವೃತ್ತದಲ್ಲಿರುವ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಈ ವಿಚಾರ ಹಿಡಿದು ಸಂಶೋಧನೆಗೆ ಅನುದಾನ ಕೇಳಿದಾಗ ಸಿಗಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದರು. ಇವತ್ತು ಲೋಕದ ಯಾವ ಮೂಲೆಯಲ್ಲಿ ಯಾರು ಫೋಟೊ ಕಳಿಸಿದರೂ ಬಹುಮಟ್ಟಿಗೆ ಅದರ ಹಿಂದೆ ಈ ಲೆಕ್ಕವಿದೆ.

ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಬಣ್ಣವನ್ನು ಉಳಿಸಿಕೊಂಡು, ಥಟ್ಟನೆ ಬದಲಾಗುವ ಸೂಕ್ಷ್ಮಗಳನ್ನು ಮೊದಲು ಬಿಡುತ್ತದೆ. ಮುಖ, ಆಕಾಶ, ಗದ್ದೆ, ಇವುಗಳಲ್ಲಿ ಬಿಟ್ಟದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಅಕ್ಷರವೆಂದರೆ ಪೂರಾ ಥಟ್ಟನೆ ಬದಲಾಗುವ ಅಂಚು: ಬಿಳಿ ಕಾಗದ, ಕಪ್ಪು ಗೆರೆ. ಅದಕ್ಕೇ ಹಿಂಡಿದಾಗ ಮೊದಲು ಕೆಡುವುದು ಅಕ್ಷರ. ಅದರಲ್ಲೂ ಕನ್ನಡದ ಅಕ್ಷರ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಪ ಮತ್ತು ಫ, ಬ ಮತ್ತು ಭ ಕತೆಯೂ ಅದೇ. ಸಾಲಿನ ಕೆಳಗೆ ಕೂರುವ ಒತ್ತಕ್ಷರಗಳು ಮೊದಲೇ ಪುಟ್ಟವು. ಅಂಕೆಗಳಲ್ಲಿ ೬ ಮತ್ತು ೯ ಮಸುಕಾದರೆ ಯಾವುದು ಯಾವುದೆಂದು ಊಹಿಸಬೇಕು. ಹಳೆಯ ಕೈಬರಹದ ಪಹಣಿಯನ್ನು 100 ಕೆಬಿಗೆ ತಂದು ನೋಡಿ, ಸರ್ವೆ ನಂಬರ್ ಓದಲು ಜ್ಯೋತಿಷಿಯೇ ಬೇಕು. ಹೀಗೆ ಹಿಂಡಿ ಕಳಿಸಿದ ದಾಖಲೆ ಪರಿಶೀಲನೆಯ ಮೇಜಿಗೆ ಹೋದಾಗ ‘ಅಸ್ಪಷ್ಟ, ತಿರಸ್ಕರಿಸಲಾಗಿದೆ’ ಎಂಬ ಷರಾ ಬರುತ್ತದೆ. ಮಸುಕು ಮಾಡಿಸಿದ್ದು ಯಾರು ಸ್ವಾಮಿ?

ಇದಕ್ಕೆ ಸರಿಯಾದ ದಾರಿ ಇಲ್ಲವೆಂದಲ್ಲ. ಬರೀ ಅಕ್ಷರವಿರುವ ಕಾಗದವನ್ನು ಬಣ್ಣ ತೆಗೆದು, ಅಪ್ಪಟ ಕಪ್ಪು-ಬಿಳುಪಿನಲ್ಲಿ ಇಟ್ಟು, ಫ್ಯಾಕ್ಸ್ ಯಂತ್ರಗಳಿಗೆಂದು 1984ರಲ್ಲಿ ರೂಪಿಸಿದ ಗ್ರೂಪ್ 4 ವಿಧಾನದಲ್ಲಿ ಅಡಕ ಮಾಡಿದರೆ ಎ4 ಪುಟವೊಂದು 300 ಡಿಪಿಐ ಸ್ಪಷ್ಟತೆಯಲ್ಲಿ ಸುಮಾರು 50 ಕೆಬಿ ಆಸುಪಾಸಿಗೆ ಬರುತ್ತದೆ. ಒಂದು ಚುಕ್ಕಿಯೂ ಕಳೆಯುವುದಿಲ್ಲ. ಅದೇ ಪುಟ ಬಣ್ಣದಲ್ಲಿ, ಅಡಕ ಮಾಡದೆ ಇದ್ದರೆ 26 ಎಂಬಿ. ಆದರೆ ಕಪ್ಪು-ಬಿಳುಪು ಕಳಿಸಿದರೆ ‘ಇದು ಝೆರಾಕ್ಸ್ ಪ್ರತಿ, ಮೂಲ ದಾಖಲೆಯ ಬಣ್ಣದ ಸ್ಕ್ಯಾನ್ ಹಾಕಿ’ ಎನ್ನುವ ಅಧಿಕಾರಿಗಳಿದ್ದಾರೆ. ನೀಲಿ ಮೊಹರು ನೀಲಿಯಾಗಿಯೇ ಕಾಣಬೇಕು, ಫೈಲು ಮಾತ್ರ 200 ಕೆಬಿ ದಾಟಬಾರದು.

ಕಣ್ಣುಮುಚ್ಚಿ ಹಿಂಡುವುದರಿಂದ ಇನ್ನೂ ದೊಡ್ಡ ಅಪಾಯವಿದೆ, ಅದನ್ನು ನಿಮ್ಮ ತಂತ್ರಜ್ಞರು ಮರೆಯಬಾರದು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕೆಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿದರು. ಒಂದು ಕಟ್ಟಡದ ನಕ್ಷೆಯಲ್ಲಿ ಬೇರೆ ಬೇರೆ ವಿಸ್ತೀರ್ಣದ ಕೋಣೆಗಳಿಗೆ ಒಂದೇ ವಿಸ್ತೀರ್ಣ ನಮೂದಾಗಿತ್ತು. ಮಸುಕಾಗಿರಲಿಲ್ಲ, ಸ್ಪಷ್ಟವಾಗಿಯೇ ತಪ್ಪಾಗಿತ್ತು. ಜೆಬಿಗ್2 ಎಂಬ ವಿಧಾನ ಜಾಗ ಉಳಿಸಲು ಒಂದೇ ಥರ ಕಾಣುವ ಆಕಾರಗಳನ್ನು ಹುಡುಕಿ, ಒಂದನ್ನು ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುತ್ತದೆ. 6 ಇದ್ದ ಕಡೆ 8 ಕೂತಿತ್ತು. ಕಂಪನಿ ಆಮೇಲೆ ತಂತ್ರಾಂಶ ತಿದ್ದಿ ಕೊಟ್ಟಿತು. ಎಕರೆ-ಗುಂಟೆ ಲೆಕ್ಕದಲ್ಲಿ ಹೀಗಾದರೆ ಎಷ್ಟು ತಲೆಮಾರಿನ ವ್ಯಾಜ್ಯವಾಗುತ್ತದೆಂದು ನಮ್ಮ ತಾಲ್ಲೂಕು ಕೋರ್ಟಿನ ಮುಂದೆ ನಿಂತವರಿಗೆ ಗೊತ್ತು. ಹೇಗೆ ಕುಗ್ಗಿಸಬೇಕು, ಎಷ್ಟು ಕುಗ್ಗಿಸಬಹುದು ಎಂಬುದು ತಿಳಿದವರ ತೀರ್ಮಾನವಾಗಬೇಕು. ಹದಿನೆಂಟರ ಹುಡುಗಿಗೂ ಅಂಗಡಿಯವನಿಗೂ ಬಿಡುವ ವಿಷಯವಲ್ಲ.

ಹಾಗಾಗಿ ನನ್ನ ಕೇಳಿಕೆ. ಫೋನು ಕೊಟ್ಟ ಫೋಟೊವನ್ನು ಹಾಗೇ ತೆಗೆದುಕೊಳ್ಳಿ. ಹಾಗಂತ ಐದೈದು ಎಂಬಿ ಅಪ್‌ಲೋಡ್ ಮಾಡಿ ಎಂದರೆ ನಮ್ಮ ಕಡೆ, ಮಳೆ ಹಿಡಿದು ಕರೆಂಟು ಹೋಗಿ ಟವರೂ ಮಲಗಿದ ದಿನ, ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕೂ ಉಪಾಯವಿದೆ. ಚಿತ್ರವನ್ನು ಕುಗ್ಗಿಸುವ ಶಕ್ತಿ ಇವತ್ತಿನ ಬ್ರೌಸರ್‌ಗೆ ಇದ್ದೇ ಇದೆ. ಅರ್ಜಿಯ ಪುಟದಲ್ಲಿ ನಿಮ್ಮ ಎಂಜಿನಿಯರುಗಳು ಕೆಲವು ಸಾಲು ಬರೆದರೆ, ಫೋಟೊ ಫೋನಿನಿಂದ ಹೊರಡುವ ಮೊದಲೇ ಫೋನಿನಲ್ಲೇ ಚಿಕ್ಕದಾಗುತ್ತದೆ. ಎ4 ಕಾಗದವೊಂದನ್ನು 150 ಡಿಪಿಐಗೆ ತಂದರೆ 1240ಕ್ಕೆ 1754 ಚುಕ್ಕಿ ಸಾಕು, ಓದಲು ತೊಂದರೆಯಿಲ್ಲ. ಬೂದು ಬಣ್ಣದಲ್ಲಿ ಇನ್ನೂರು ಮುನ್ನೂರು ಕೆಬಿಗೆ ಬರುತ್ತದೆ. ‘ನಿಮ್ಮ ದಾಖಲೆ ಹೀಗೆ ಕಾಣುತ್ತದೆ, ಓದಲು ಬರುತ್ತಿದೆಯೇ?’ ಎಂದು ಕನ್ನಡದಲ್ಲಿ ಕೇಳಿ, ಹೌದು ಒತ್ತಿಸಿಕೊಂಡರೆ ಆಯಿತು. ಮೂರನೆಯವರ ಸರ್ವರು ಬೇಡ, ನಾನೂ ಬೇಡ.

ಅದಕ್ಕೂ ಮೊದಲು, ಕೇಳುವುದನ್ನೇ ಕಡಿಮೆ ಮಾಡಬಹುದಲ್ಲ? ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇದೆ. ಸಿಇಟಿ ಅರ್ಜಿಯಲ್ಲಿ ಆ ಸಂಖ್ಯೆ ಹಾಕಿದರೆ ವಿವರ ತಾನಾಗಿಯೇ ತಾಳೆಯಾಗುತ್ತದೆ. ಈ ವ್ಯವಸ್ಥೆ ಮಾಡಿದವರಿಗೆ ನಮಸ್ಕಾರ. ಡಿಜಿಲಾಕರ್ 2015ರಿಂದ ಇದೆ. ಹೀಗಿರುವಾಗ ಸರ್ಕಾರವೇ ಕೊಟ್ಟ ಕಾಗದವನ್ನು ಸರ್ಕಾರಕ್ಕೇ ತೋರಿಸಲು ಮುದ್ರಿಸಿ, ಫೋಟೊ ಹೊಡೆದು, ಹಿಂಡಿ ಕಳಿಸಬೇಕಾದ ಇಲಾಖೆಗಳು ಇನ್ನೂ ಏಕೆ ಉಳಿದಿವೆ?

ನಿಮ್ಮ ಕಡೆಯಿಂದ ಬರುವ ಕಾಗದಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಸುತ್ತೋಲೆಯನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿರುತ್ತಾರೆ. ಅದನ್ನು ಮುದ್ರಿಸಿ, ಸಹಿ-ಮೊಹರು ಹಾಕಿ, ಓರೆಯಾಗಿ ಸ್ಕ್ಯಾನ್ ಮಾಡಿ, ಜಾಲತಾಣಕ್ಕೆ ಏರಿಸುತ್ತಾರೆ. ಅಕ್ಷರವಾಗಿಯೇ ಇದ್ದಿದ್ದರೆ ಕನ್ನಡದ ಪುಟವೊಂದು ಫಾಂಟು ಸಮೇತ ಕೆಲವೇ ಹತ್ತು ಕೆಬಿ. ಚಿತ್ರವಾದ ಮೇಲೆ ಒಂದೊಂದು ಪುಟ ಒಂದು ಎಂಬಿ ಮೀರುತ್ತದೆ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಲವತ್ತು ಪುಟದ ಮಾರ್ಗಸೂಚಿ ಬಿದ್ದರೆ ಅರ್ಧ ಜನ ತೆರೆಯುವುದೇ ಇಲ್ಲ. ತೆರೆದವರು ಒಂದು ಪದವನ್ನೂ ಹುಡುಕಲಾರರು. ದೃಷ್ಟಿ ಇಲ್ಲದ ಶಿಕ್ಷಕರ ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲೇ ಮಾನ್ಯತೆ ಕೊಟ್ಟಿದೆ. ಟೈಪ್ ಮಾಡಿದ ಯೂನಿಕೋಡ್ ಕಡತವನ್ನೇ ಪಿಡಿಎಫ್ ಮಾಡಿ ಡಿಜಿಟಲ್ ಸಹಿ ಹಾಕಿದರೆ ಮುದ್ರಣವೂ ಬೇಡ, ಸ್ಕ್ಯಾನೂ ಬೇಡ. ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ನಿಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಅದೊಂದನ್ನಾದರೂ ದಯವಿಟ್ಟು ಸ್ಕ್ಯಾನ್ ಮಾಡಿ ಕಳಿಸಬೇಡಿ.

ಮುಂದಿನ ವರ್ಷದ ವಿದ್ಯಾರ್ಥಿವೇತನದ ಅರ್ಜಿ ತೆರೆಯುವ ಮುಂಚೆ ಒಂದು ಪರೀಕ್ಷೆ ಮಾಡಿಸಿ ನೋಡಿ. ನಿಮ್ಮ ಕಚೇರಿಯ ಒಬ್ಬ ಅಧಿಕಾರಿ ಬೆಂಗಳೂರು ಬಿಟ್ಟು, ಹತ್ತು ಸಾವಿರ ರೂಪಾಯಿಯ ಫೋನು ಹಿಡಿದು, ಯಾವುದಾದರೂ ಹೋಬಳಿ ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ ಎಲ್ಲ ದಾಖಲೆ ಸಮೇತ ಅರ್ಜಿ ಸಲ್ಲಿಸಲಿ. ಅವರಿಗೆ ಎಲ್ಲಿ ಬೆವರು ಬರುತ್ತದೋ ಆ ಪುಟವನ್ನು ಮೊದಲು ತಿದ್ದಿಸಿ.

ಇಂತಿ,
ತಾಲ್ಲೂಕು ಪೇಟೆಯ ಡಿಟಿಪಿ ಅಂಗಡಿಯವ