ಮಾತ್ರೆ ಅಗ್ಗವಾಯಿತು, ಪರೀಕ್ಷೆ ಮಾಡಿಸುವವರಾರು?

ಗ್ಲಿವೆಕ್ ಔಷಧಕ್ಕೆ ನೊವಾರ್ಟಿಸ್ ಕಂಪೆನಿ ಕೇಳಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಬೇಕಾದ ಈ ಮಾತ್ರೆಯನ್ನು ಭಾರತದ ಕಂಪೆನಿಗಳು ಕಡಿಮೆ ಬೆಲೆಗೆ ತಯಾರಿಸುತ್ತಲೇ ಇವೆ. ಆದರೆ ರೋಗವೇ ಗೊತ್ತಾಗದಿದ್ದರೆ ಮಾತ್ರೆ ಅಗ್ಗವಾಗಿ ಏನು ಪ್ರಯೋಜನ?

ಸಾಮಾನ್ಯವಾಗಿ ಈ ರೋಗದಲ್ಲಿ ಬಿಳಿ ರಕ್ತಕಣಗಳು ವಿಪರೀತ ಏರುತ್ತವೆ. ಅಪರೂಪಕ್ಕೆ ಕೆಲವರಲ್ಲಿ ಅವು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದು, ಪ್ಲೇಟ್‌ಲೆಟ್ ಮಾತ್ರ ಹತ್ತು ಲಕ್ಷ ದಾಟಿರುತ್ತದೆ. ಇದನ್ನು ಬೇರೊಂದು ನಿಧಾನಗತಿಯ ರೋಗವೆಂದು ತಿಳಿದು ಕಣ ಇಳಿಸುವ ಮಾತ್ರೆ ಕೊಟ್ಟರೆ ಲೆಕ್ಕ ಇಳಿಯುತ್ತದೆ, ಮನೆಯವರಿಗೆ ಸಮಾಧಾನವೂ ಆಗುತ್ತದೆ; ಮೂಲ ರೋಗ ಒಳಗೊಳಗೇ ಉಲ್ಬಣಿಸಬಹುದು. ಆದ್ದರಿಂದ ಕಾರಣ ತಿಳಿಯದೆ ಪ್ಲೇಟ್‌ಲೆಟ್ ಹೆಚ್ಚೇ ಉಳಿದವರ ಜತೆ ಆಸ್ಪತ್ರೆಗೆ ಹೋಗುವ ನಮ್ಮ ಸೇವಾಕರ್ತರು, ಬಿಸಿಆರ್-ಎಬಿಎಲ್ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು.

ರೋಗದ ಗುರುತಾದ ಗಿಡ್ಡ ವರ್ಣತಂತು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪತ್ತೆಯಾಯಿತು. 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ ಅದು ಹುಟ್ಟುತ್ತದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದಾದ ಜೀನನ್ನು ಪಿಸಿಆರ್ ಪರೀಕ್ಷೆ (ಕೋವಿಡ್ ಕಾಲದಲ್ಲಿ ಮನೆಮಾತಾದ ವಿಧಾನವೇ) ತೋಳಿನ ರಕ್ತದಲ್ಲೇ ಹಿಡಿಯುತ್ತದೆ. ಬೆಸುಗೆ ವಿರಳ ಜಾಗದಲ್ಲಿ ಆಗಿದ್ದರೆ ಸಾಮಾನ್ಯ ಪಿಸಿಆರ್‌ಗೂ ಅದು ತಪ್ಪಿಸಿಕೊಳ್ಳುವುದುಂಟು. ಹಾಗಾಗಿ ಅನುಮಾನ ಉಳಿದಲ್ಲಿ ವರ್ಣತಂತು ಪರೀಕ್ಷೆಯನ್ನೂ ಮಾಡುತ್ತಾರೆ.